ಮನೆಯಲ್ಲೇ ಲೋಹದ ಸಿಎನ್‌ಸಿ: ಮೊದಲು ಕಬ್ಬಿಣ, ಆಮೇಲೆ ಮೋಟಾರು

ಮರ, ಪ್ಲೈವುಡ್ ಕೊರೆಯಲೆಂದು ತರಿಸಿದ ಪುಟ್ಟ ಸಿಎನ್‌ಸಿ ಯಂತ್ರದ ಮೇಲೆ ಒಮ್ಮೆಯಾದರೂ ಅಲ್ಯುಮಿನಿಯಂ ತುಂಡು ಕೂರಿಸಿ ನೋಡುವ ಆಸೆ ಯಾರಿಗೆ ಬರುವುದಿಲ್ಲ? ಟೂಲ್ ತಾಗಿದ ಕೂಡಲೇ ಕಿವಿಗಡಚಿಕ್ಕುವ ಕೀರಲು ಸದ್ದು. ಕಟ್ಟಾದ ಕಡೆಯಲ್ಲೆಲ್ಲ ಅಲೆ ಅಲೆ ಗೀರು. ಸ್ವಲ್ಪ ಹೊತ್ತಿಗೆ ಟೂಲ್ ಪಟ್ಟನೆ ಮುರಿದು ಎಲ್ಲೋ ಹಾರುತ್ತದೆ. ‘ಮೋಟಾರಿಗೆ ಶಕ್ತಿ ಸಾಲದು’ ಎಂದು ತೀರ್ಮಾನಿಸಿ ಇನ್ನೂ ದೊಡ್ಡ ಮೋಟಾರು ತರಿಸುವವರೇ ಹೆಚ್ಚು. ಹಣ ಹೋಗುತ್ತದೆ, ಸದ್ದು ಹೋಗುವುದಿಲ್ಲ.

ಮೋಟಾರನ್ನು ದೂರುವ ಮೊದಲು ಒಂದು ಲೆಕ್ಕ ಹಾಕಿ. ಹವ್ಯಾಸಿಗಳು ಸಾಮಾನ್ಯವಾಗಿ ಬಳಸುವ ನೀಮಾ 23 ಸ್ಟೆಪ್ಪರ್ ಮೋಟಾರಿನ ತಿರುಚುಬಲ 1.9 ನ್ಯೂಟನ್-ಮೀಟರ್ ಎಂದುಕೊಳ್ಳಿ. ಅದನ್ನು ಸುತ್ತಿಗೆ 5 ಮಿ.ಮೀ. ಸರಿಯುವ ಬಾಲ್ ಸ್ಕ್ರೂಗೆ ಜೋಡಿಸಿದರೆ ಸಿಗುವ ತಳ್ಳುಬಲ 200 ಕಿಲೋ ತೂಕಕ್ಕೂ ಮಿಗಿಲು. ವೇಗ ಹೆಚ್ಚಿದಂತೆ ಸ್ಟೆಪ್ಪರಿನ ಬಲ ಕುಗ್ಗುತ್ತದೆ, ಅರ್ಧವೇ ಉಳಿಯಿತು ಅನ್ನಿ. ಆದರೂ 100 ಕಿಲೋ. 6 ಮಿ.ಮೀ. ಟೂಲಿನಲ್ಲಿ ಅಲ್ಯುಮಿನಿಯಂನ ತೆಳು ಕಟ್ ತೆಗೆಯಲು ಕೆಲವೇ ಕಿಲೋ ಸಾಕು, ಜೋರು ಮಾಡಿದರೆ ಹತ್ತಿಪ್ಪತ್ತು. ಅಂದಮೇಲೆ ಬಲದ ಕೊರತೆ ಇಲ್ಲ. ಆ ಬಲಕ್ಕೆ ಎದೆಯೊಡ್ಡಿ ನಿಲ್ಲಬೇಕಾದ ಚೌಕಟ್ಟು ಬಾಗುತ್ತಿದೆ, ಅಷ್ಟೇ.

ಅಂಕೆಗಳ ಅಪ್ಪಣೆಯಂತೆ ಲೋಹ ಕಡಿಯುವ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಎಂಐಟಿ ಪ್ರಯೋಗಾಲಯ 1952ರಲ್ಲಿ ಪ್ರದರ್ಶಿಸಿತು. ಅಪ್ಪಣೆಗಳೆಲ್ಲ ಆಗ ತೂತು ಹೊಡೆದ ಟೇಪಿನಲ್ಲಿರುತ್ತಿದ್ದವು. ಮರುವರ್ಷ ಬೆಂಗಳೂರಿನಲ್ಲಿ ಯಂತ್ರೋಪಕರಣಗಳ ಕಾರ್ಖಾನೆ ಎಚ್‌ಎಂಟಿ ಹುಟ್ಟಿತು, ಲೇತ್, ಮಿಲ್ಲಿಂಗ್ ಬಲ್ಲ ಒಂದು ಇಡೀ ತಲೆಮಾರು ಇಲ್ಲಿ ತಯಾರಾಯಿತು. 2009ರಲ್ಲಿ ಜಿಆರ್‌ಬಿಎಲ್ ಎಂಬ ಉಚಿತ ತಂತ್ರಾಂಶ ಬಂದದ್ದೇ ಬಂದದ್ದು, ಸಾಮಾನ್ಯ ಆರ್ಡುಯಿನೋ ಬೋರ್ಡೊಂದು ಮೂರು ಅಕ್ಷಗಳನ್ನು ನಡೆಸುವಂತಾಯಿತು. ಯಂತ್ರದ ಮಿದುಳು ಹೀಗೆ ಅಗ್ಗವಾಯಿತು. ಮೂಳೆ ಮಾತ್ರ ಇನ್ನೂ ಆಗಿಲ್ಲ.

ಬಾಗುವುದು ಎಲ್ಲಿ, ಏಕೆ?

ಸ್ಟೀಲ್ ಸ್ಕೇಲನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, 10 ಸೆಂ.ಮೀ. ಹೊರಚಾಚಿ ತುದಿಯನ್ನು ಬೆರಳಲ್ಲಿ ಅದುಮಿ. ಆಮೇಲೆ 20 ಸೆಂ.ಮೀ. ಚಾಚಿ ಅಷ್ಟೇ ಬಲದಿಂದ ಅದುಮಿ. ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟಾಗುತ್ತದೆ. ಯಂತ್ರದ ಅಡ್ಡತೊಲೆ, ಕೆಳಕ್ಕೆ ಇಳಿಬಿದ್ದ ಸ್ಪಿಂಡಲ್, ಅದನ್ನು ಹಿಡಿಯುವ ಕಾಲೆಟ್‌ನಿಂದ ಹೊರಗೆ ಚಾಚಿದ ಟೂಲ್, ಎಲ್ಲಕ್ಕೂ ಇದೇ ನಿಯಮ. ಟೂಲಿನ ವಿಷಯದಲ್ಲಿ ವ್ಯಾಸದ ಲೆಕ್ಕ ಇನ್ನೂ ನಿಷ್ಠುರ: 6 ಮಿ.ಮೀ. ಟೂಲ್ 3 ಮಿ.ಮೀ. ಟೂಲಿಗಿಂತ 16 ಪಟ್ಟು ಬಿಗಿ.

ಬಾಗುವುದರಿಂದ ಅಳತೆ ತಪ್ಪುತ್ತದೆ ಎಂಬುದಷ್ಟೇ ತೊಂದರೆಯಲ್ಲ. ಟೂಲಿನ ಒಂದು ಹಲ್ಲು ಲೋಹವನ್ನು ಕಚ್ಚಿದಾಗ ಚೌಕಟ್ಟು ಹಿಂದೆ ಸರಿಯುತ್ತದೆ, ಹಲ್ಲು ಬಿಟ್ಟಾಗ ಮತ್ತೆ ಮುಂದೆ ಚಿಮ್ಮುತ್ತದೆ. ಹೀಗಾಗಿ ಲೋಹದ ಮೇಲೆ ಅಲೆ ಮೂಡುತ್ತದೆ. ಮುಂದಿನ ಹಲ್ಲು ಆ ಅಲೆಯ ಮೇಲೇ ಹಾಯಬೇಕು: ಉಬ್ಬಿನಲ್ಲಿ ದಪ್ಪ ಕಡಿತ, ತಗ್ಗಿನಲ್ಲಿ ತೆಳು. ಬಲ ಏರಿಳಿದು ಚೌಕಟ್ಟು ಇನ್ನಷ್ಟು ಅದುರುತ್ತದೆ. ಒಂದನ್ನೊಂದು ಹೆಚ್ಚಿಸುವ ಈ ಅದುರೇ ವರ್ಕ್‌ಶಾಪಿನವರು ಚಾಟರ್ ಎನ್ನುವ ಕೀರಲು. ಮರದಲ್ಲಿ ಕಡಿತದ ಬಲ ಕಡಿಮೆಯಾದ್ದರಿಂದ ಅದೇ ಯಂತ್ರ ಅಲ್ಲಿ ತೆಪ್ಪಗಿರುತ್ತದೆ.

ಇನ್ನು ವಸ್ತುವಿನ ಲೆಕ್ಕ. ಆಕಾರ, ಅಳತೆ ಒಂದೇ ಆದರೂ ಅಲ್ಯುಮಿನಿಯಂ ತೊಲೆ ಉಕ್ಕಿನ ತೊಲೆಗಿಂತ ಸುಮಾರು ಮೂರು ಪಟ್ಟು ಬಾಗುತ್ತದೆ. ಉಕ್ಕಿನಲ್ಲೂ ದಪ್ಪಕ್ಕಿಂತ ಅಗಲ ದೊಡ್ಡದು. 50×50 ಮಿ.ಮೀ. ಅಳತೆಯ 3 ಮಿ.ಮೀ. ದಪ್ಪದ ಬಾಕ್ಸ್ ಪೈಪ್ ಮೀಟರಿಗೆ ಸುಮಾರು 4.4 ಕಿಲೋ ತೂಗುತ್ತದೆ. 100×100ರ 5 ಮಿ.ಮೀ. ಪೈಪ್ ಸುಮಾರು 15 ಕಿಲೋ. ತೂಕ ಮೂರೂವರೆ ಪಟ್ಟಿಗೂ ಕಡಿಮೆ, ಬಾಗದೆ ನಿಲ್ಲುವ ಶಕ್ತಿ ಸುಮಾರು ಹದಿನಾಲ್ಕು ಪಟ್ಟು. ಹಳೆ ಕಬ್ಬಿಣದಂಗಡಿಯಲ್ಲಿ ಇಷ್ಟು ಲಾಭದ ವ್ಯಾಪಾರ ಬೇರೊಂದಿಲ್ಲ. ಅಲ್ಲೇ ಅಗ್ಗಕ್ಕೆ ಸಿಗುವ ಸಿ-ಚಾನಲ್ ನೋಡಿ ಮರುಳಾಗಬೇಡಿ. ನೇರ ಹೊರೆಯನ್ನು ಅದು ಚೆನ್ನಾಗಿ ಹೊರುತ್ತದೆ, ಆದರೆ ತಿರುಚಿದರೆ ಸುಲಭವಾಗಿ ತಿರುಚಿಕೊಳ್ಳುತ್ತದೆ. ಅಡ್ಡತೊಲೆಯ ಮುಂಭಾಗದಲ್ಲಿ ಸ್ಪಿಂಡಲ್ ನೇತಾಡುವ ಯಂತ್ರದಲ್ಲಿ ಕಡಿತದ ಬಲ ಮಾಡುವುದೇ ತಿರುಚುವ ಕೆಲಸ. ನಾಲ್ಕೂ ಕಡೆ ಮುಚ್ಚಿದ ಪೈಪೇ ಆಗಬೇಕು.

ಕೊಳ್ಳುವ ಮೊದಲು ಮೂರು ತೀರ್ಮಾನ

ಗಾತ್ರ: ‘ಇರಲಿ’ ಎಂದು ದೊಡ್ಡದು ಕಟ್ಟಬೇಡಿ. ಮೊದಲ ಯಂತ್ರಕ್ಕೆ 300×200 ಮಿ.ಮೀ. ಕೆಲಸದ ಜಾಗ, 80 ಮಿ.ಮೀ. ಎತ್ತರ ಧಾರಾಳ. ಅಡ್ಡತೊಲೆಯನ್ನು 600ರಿಂದ 400 ಮಿ.ಮೀ.ಗೆ ಇಳಿಸಿದರೆ ಬಾಗು ಮೂರನೇ ಒಂದು ಭಾಗಕ್ಕೂ ಕೆಳಗಿಳಿಯುತ್ತದೆ, ಕೈಯಿಂದ ಒಂದು ರೂಪಾಯಿಯೂ ಹೋಗುವುದಿಲ್ಲ.

ವಿನ್ಯಾಸ: ಅಡ್ಡತೊಲೆಯೇ ಹಿಂದೆ ಮುಂದೆ ಓಡಾಡುವ ಬಗೆ ಒಂದು, ತೊಲೆ ಕದಲದೆ ನಿಂತು ಮೇಜು ಸರಿಯುವ ಬಗೆ ಇನ್ನೊಂದು. ಲೋಹಕ್ಕೆ ನನ್ನ ಮತ ಎರಡನೆಯದಕ್ಕೆ. ಓಡಾಡಬೇಕಿಲ್ಲದ ತೊಲೆಯನ್ನು ಎಷ್ಟು ಭಾರವಾಗಿಯಾದರೂ ಮಾಡಬಹುದು. ನಷ್ಟ ಒಂದೇ: ಮೇಜು ಸರಿಯಲು ಅದರ ಉದ್ದದ ಎರಡರಷ್ಟು ಜಾಗ ಬೇಕು. ಬಾಕ್ಸ್ ಪೈಪಿನ ಮುಕ್ತ ವಿನ್ಯಾಸವಾದ ‘ಪ್ರಿಂಟ್‌ಎನ್‌ಸಿ’ಯಲ್ಲಿ ತೊಲೆ ಓಡಾಡುತ್ತದೆ. ದೊಡ್ಡ ಹಾಳೆಗಳನ್ನು ಕಡಿಯುವವರು ಅದನ್ನು ನೋಡಬಹುದು.

ಲೋಹ ಯಾವುದು: ಅಲ್ಯುಮಿನಿಯಂ, ಹಿತ್ತಾಳೆ ಸಾಕೇ, ಉಕ್ಕೂ ಬೇಕೇ? ಇದನ್ನು ಈಗಲೇ ನಿರ್ಧರಿಸಬೇಕು, ಏಕೆಂದರೆ ಸ್ಪಿಂಡಲ್ ಇದರ ಮೇಲೆ ನಿಂತಿದೆ. ಮಾರುಕಟ್ಟೆಯ 2.2 ಕಿಲೋವಾಟ್ ವಾಟರ್-ಕೂಲ್ ಸ್ಪಿಂಡಲ್‌ಗಳು ನಿಮಿಷಕ್ಕೆ 24,000 ಸುತ್ತು ತಿರುಗುತ್ತವೆ, 8,000ಕ್ಕಿಂತ ಕೆಳಗೆ ಬಲ ಕಳೆದುಕೊಳ್ಳುತ್ತವೆ. 6 ಮಿ.ಮೀ. ಟೂಲ್ 8,000 ಸುತ್ತಿನಲ್ಲಿ ತಿರುಗಿದರೆ ಅದರ ಅಂಚು ನಿಮಿಷಕ್ಕೆ 150 ಮೀಟರ್ ಓಡುತ್ತದೆ. ಅಲ್ಯುಮಿನಿಯಂಗೆ ಅದು ಹಿತ. ಮೈಲ್ಡ್ ಸ್ಟೀಲಿಗೆ ಸಾಮಾನ್ಯ ಕಾರ್ಬೈಡ್ ಟೂಲ್ ಬಯಸುವುದು 60ರಿಂದ 100 ಮೀಟರ್, ಅಂದರೆ 3,200ರಿಂದ 5,300 ಸುತ್ತು. ಉಕ್ಕೇ ಮುಖ್ಯ ಎನ್ನುವವರು ಬೆಲ್ಟ್‌ನಿಂದ ನಿಧಾನ ತಿರುಗುವ ಸ್ಪಿಂಡಲ್ ಹುಡುಕಬೇಕು, ಇಲ್ಲವೇ ಹಳೆಯ ಚಿಕ್ಕ ಮಿಲ್ಲಿಂಗ್ ಯಂತ್ರವೊಂದಕ್ಕೆ ಮೋಟಾರು ಜೋಡಿಸುವುದೇ ಜಾಣತನ. ಮುಂದೆ ಹೇಳುವುದು ಅಲ್ಯುಮಿನಿಯಂ ಕಡಿಯುವ ಯಂತ್ರದ ಬಗ್ಗೆ.

ಕಟ್ಟುವ ಕ್ರಮ

1. ಮೊದಲು ಚಿತ್ರ. ಫ್ರೀಕ್ಯಾಡ್ ಎಂಬ ವಿನ್ಯಾಸ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ರೈಲು, ಸ್ಕ್ರೂ, ಸ್ಪಿಂಡಲ್ ಎಲ್ಲವನ್ನೂ ಅಳತೆಗೆ ಬರೆದು, ಬೋಲ್ಟಿಗೆ ಅಲೆನ್ ಕೀ ಹೋಗುತ್ತದೆಯೇ ಎಂಬುದನ್ನೂ ನೋಡಿ. ಕೀ ಹೋಗದ ಬೋಲ್ಟ್ ಗೊತ್ತಾಗುವುದು ಯಾವಾಗಲೂ ಎಲ್ಲ ಜೋಡಿಸಿದ ಮೇಲೆಯೇ.

2. ಚೌಕಟ್ಟು. ವೆಲ್ಡಿಂಗ್ ಬಿಸಿ ಆರುವಾಗ ಪೈಪನ್ನು ಎಳೆಯುತ್ತದೆ. ಎಷ್ಟೇ ನುರಿತ ವೆಲ್ಡರ್ ಆದರೂ ಬೆಸೆದ ಚೌಕಟ್ಟು ರೈಲು ಕೂರಿಸುವಷ್ಟು ಸಮತಟ್ಟಾಗಿ ಉಳಿಯುವುದಿಲ್ಲ. ಹಾಗಾಗಿ ರೈಲು ಕೂರುವ ಕಡೆ 10–12 ಮಿ.ಮೀ. ದಪ್ಪದ ಪಟ್ಟಿಗಳನ್ನು ಬೆಸೆದು, ವೆಲ್ಡಿಂಗ್ ಎಲ್ಲ ಮುಗಿದ ಮೇಲೆ ಆ ಪಟ್ಟಿಗಳ ಮೇಲ್ಮೈಯನ್ನು ಒಂದೇ ಸೆಟಪ್ಪಿನಲ್ಲಿ ಮಿಲ್ಲಿಂಗ್ ಇಲ್ಲವೇ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ. ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್, ಮಂಗಳೂರಿನ ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ಇಂಥ ಜಾಬ್ ಹಿಡಿಯುವವರನ್ನು ಹುಡುಕಬಹುದು. ‘ಒಂದೇ ಸೆಟಪ್ಪಿನಲ್ಲಿ’ ಎಂಬುದನ್ನು ಒತ್ತಿ ಹೇಳಿ. ತುಂಡನ್ನು ಬಿಚ್ಚಿ ಮತ್ತೆ ಕಟ್ಟಿದರೆ ಎರಡು ಮೇಲ್ಮೈಗಳ ಮಟ್ಟ ಬೇರೆಯಾಗುತ್ತದೆ.

ಆ ಖರ್ಚು ಬೇಡವೆಂದರೆ ಹವ್ಯಾಸಿಗಳ ಇನ್ನೊಂದು ದಾರಿಯಿದೆ. ಎರಡೂ ಪಟ್ಟಿಗಳ ಸುತ್ತ ಅಂಚು ಕಟ್ಟಿ, ಎರಡನ್ನೂ ಒಂದು ಕಾಲುವೆಯಿಂದ ಕೂಡಿಸಿ, ನಿಧಾನವಾಗಿ ಗಟ್ಟಿಯಾಗುವ ತೆಳು ಎಪಾಕ್ಸಿ ಸುರಿಯುವುದು. ದ್ರವ ತಾನಾಗಿ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಂಚುಗಳಲ್ಲಿ ಅದು ಸ್ವಲ್ಪ ಮೇಲೇರುವುದರಿಂದ ರೈಲಿಗಿಂತ ಸಾಕಷ್ಟು ಅಗಲಕ್ಕೆ ಸುರಿಯಬೇಕು, ಪೂರಾ ಗಟ್ಟಿಯಾಗುವವರೆಗೆ ಕಾಯಬೇಕು.

ಪೈಪಿನ ಟೊಳ್ಳಿಗೆ ಒಣ ಮರಳು ತುಂಬಿದರೆ ಅದುರು ತಗ್ಗುತ್ತದೆ. ಗ್ರಾನೈಟ್ ಹರಳನ್ನು ಎಪಾಕ್ಸಿಯಲ್ಲಿ ಕಲಸಿ ತುಂಬಿದರೆ ಇನ್ನೂ ಒಳ್ಳೆಯದು. ಜಿಗಣಿ, ಇಳಕಲ್ ಇರುವ ನಾಡಿನಲ್ಲಿ ಗ್ರಾನೈಟ್ ಚೂರಿಗೆ ಬರವಿಲ್ಲ.

3. ರೈಲು. 20 ಮಿ.ಮೀ. ಅಗಲದ ಎಚ್‌ಜಿಆರ್ 20 ರೈಲು ಈ ಗಾತ್ರಕ್ಕೆ ಸರಿ. ಅಲ್ಯುಮಿನಿಯಂ ಆಸರೆಯ ಮೇಲೆ ದುಂಡು ಸರಳು ಕೂರಿಸಿದ ಅಗ್ಗದ ಬಗೆಯನ್ನು ಮರದ ಯಂತ್ರಕ್ಕೇ ಬಿಡಿ. ಒಂದು ರೈಲನ್ನು ಯಜಮಾನ ಮಾಡಿಕೊಳ್ಳಿ: ನೇರ ಅಂಚಿಗೆ ಒತ್ತಿ, ಡಯಲ್ ಗೇಜ್ ಹಿಡಿದು, ಬೋಲ್ಟುಗಳನ್ನು ಒಂದು ತುದಿಯಿಂದ ಸಾಲಾಗಿ ಬಿಗಿಯಿರಿ. ಎರಡನೆಯದನ್ನು ಸಡಿಲ ಬಿಟ್ಟು, ಎರಡರ ಮೇಲೂ ಮೇಜನ್ನು ಜೋಡಿಸಿ ಆ ತುದಿಯಿಂದ ಈ ತುದಿಗೆ ಸರಿಸುತ್ತ, ಮೇಜು ಹಾದ ಕಡೆಯ ಬೋಲ್ಟನ್ನು ಬಿಗಿಯುತ್ತ ಹೋಗಿ. ಕೈಯಲ್ಲಿ ತಳ್ಳಿದರೆ ಎಲ್ಲೂ ಬಿಗಿಯಾಗಬಾರದು, ಎಲ್ಲೂ ಸಡಿಲವಾಗಬಾರದು. ರೈಲಿನಿಂದ ಬ್ಲಾಕ್ ಹೊರತೆಗೆಯುವಾಗ ಜೊತೆಗೆ ಬಂದ ಪ್ಲಾಸ್ಟಿಕ್ ತುಂಡಿನ ಮೇಲೆಯೇ ಜಾರಿಸಿ, ಇಲ್ಲವಾದರೆ ಒಳಗಿನ ಗುಂಡುಗಳು ನೆಲದ ಪಾಲು.

4. ಬಾಲ್ ಸ್ಕ್ರೂ. 16 ಮಿ.ಮೀ. ವ್ಯಾಸ, 5 ಮಿ.ಮೀ. ನಡೆಯ 1605 ಸಾಕು. ಮೋಟಾರಿನ ಕಡೆಯ ಬೇರಿಂಗ್ ಸ್ಕ್ರೂವನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯುತ್ತದೆ. ಇನ್ನೊಂದು ಕಡೆಯದು ತಿರುಗಲು ಮಾತ್ರ ಬಿಟ್ಟು, ಬಿಸಿಗೆ ಸ್ಕ್ರೂ ಉದ್ದವಾದರೆ ಜಾಗ ಕೊಡುತ್ತದೆ. ಇವೆರಡನ್ನು ಅದಲುಬದಲು ಮಾಡಬೇಡಿ. ನಟ್ ಬ್ರಾಕೆಟ್ಟಿನ ಬೋಲ್ಟುಗಳನ್ನು ಕೊನೆಗೆ, ಮೇಜನ್ನು ಒಂದೊಂದು ತುದಿಗೂ ಒಯ್ದು ಬಿಗಿಯಿರಿ.

5. ಲಂಬ. ಮೇಜಿನ ಮೇಲೆ ಒಳ್ಳೆಯ ಮೂಲೆಮಟ್ಟ ಇಟ್ಟು, ಒಂದು ಕೈಯನ್ನು ಎಕ್ಸ್ ಅಕ್ಷಕ್ಕೆ ಹೊಂದಿಸಿ, ಇನ್ನೊಂದು ಕೈಯ ಉದ್ದಕ್ಕೂ ಡಯಲ್ ಓಡಿಸಿ. ಆಮೇಲೆ ಮೂಲೆಮಟ್ಟವನ್ನು ಮಗುಚಿ ಮತ್ತೆ ಓಡಿಸಿ. ಎರಡೂ ಸಲ ಒಂದೇ ದಿಕ್ಕಿಗೆ ವಾಲಿದರೆ ತಪ್ಪು ಯಂತ್ರದ್ದು, ದಿಕ್ಕು ಬದಲಾದರೆ ಮೂಲೆಮಟ್ಟದ್ದು. 200 ಮಿ.ಮೀ. ಉದ್ದಕ್ಕೆ 0.03 ಮಿ.ಮೀ. ಒಳಗೆ ಬಂದರೆ ಹವ್ಯಾಸಿಗೆ ಅದು ತೃಪ್ತಿಯ ಮಟ್ಟ. ಕೊನೆಗೆ ಸ್ಪಿಂಡಲಿಗೆ ಒಂದು ತೋಳು ಕಟ್ಟಿ, ಡಯಲನ್ನು ಮೇಜಿನ ಮೇಲೆ ವೃತ್ತಾಕಾರವಾಗಿ ಕೈಯಲ್ಲೇ ತಿರುಗಿಸಿ, ತೆಳು ಶಿಮ್ ಇಟ್ಟು ನೆಟ್ಟಗೆ ಮಾಡಿ. ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ ಘಟ್ಟ ಇದು. ಡಯಲ್ ಗೇಜ್, ಮ್ಯಾಗ್ನೆಟಿಕ್ ಸ್ಟ್ಯಾಂಡ್ ಇಲ್ಲದೆ ಈ ಹಂತಕ್ಕೆ ಕೈಹಾಕಬೇಡಿ.

6. ಮೋಟಾರು, ಡ್ರೈವರ್, ಬೋರ್ಡ್. ಇದು ಎಲ್ಲರಿಗೂ ಇಷ್ಟವಾದ ಭಾಗ, ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿಬರಲು ನೆಪವೂ ಹೌದು. ಹಾಗಾಗಿ ಬೇಗ ಮುಗಿಸುತ್ತೇನೆ. ಡ್ರೈವರಿನ ಗರಿಷ್ಠ 50 ವೋಲ್ಟ್ ಆದರೆ 36 ವೋಲ್ಟ್ ಪವರ್ ಸಪ್ಲೈ ಸುರಕ್ಷಿತ. 24 ವೋಲ್ಟಿನಲ್ಲಿ ವೇಗ ಹೆಚ್ಚಿದಂತೆ ಮೋಟಾರು ಬಹುಬೇಗ ಬಲಗುಂದುತ್ತದೆ. ಸುತ್ತಿಗೆ 200 ಹೆಜ್ಜೆ, ಪ್ರತಿ ಹೆಜ್ಜೆಗೆ 8 ಸೂಕ್ಷ್ಮ ಹೆಜ್ಜೆ, ಸುತ್ತಿಗೆ 5 ಮಿ.ಮೀ.: 1,600ನ್ನು 5ರಿಂದ ಭಾಗಿಸಿದರೆ ಮಿ.ಮೀ.ಗೆ 320 ಹೆಜ್ಜೆ. ಜಿಆರ್‌ಬಿಎಲ್‌ಗೆ ಕೊಡಬೇಕಾದ ಅಂಕೆ ಅದೇ. ಲಿನಕ್ಸ್‌ಸಿಎನ್‌ಸಿ ಎಂಬ ಇನ್ನೊಂದು ತಂತ್ರಾಂಶ ಹೆಚ್ಚು ಸಮರ್ಥ, ಮೊದಲ ಯಂತ್ರಕ್ಕೆ ಅದರ ಅಗತ್ಯ ಬೀಳದು.

ವಿದ್ಯುತ್ತಿನ ಎಚ್ಚರಿಕೆಗಳು

ಸ್ಪಿಂಡಲ್ ನಡೆಸುವ ವಿಎಫ್‌ಡಿ ಪೆಟ್ಟಿಗೆ 230 ವೋಲ್ಟ್ ಮನೆಯ ಕರೆಂಟನ್ನು ಮೂರು ಫೇಸ್ ಮಾಡಿ, 400 ಹರ್ಟ್ಜ್‌ವರೆಗೆ ಏರಿಸುತ್ತದೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ಸ್ವಿಚ್ ಒತ್ತಬೇಡಿ. ಮೂಲ ಆವರ್ತನ 50 ಹರ್ಟ್ಜ್ ಎಂದೇ ಇದ್ದರೆ 400 ಹರ್ಟ್ಜ್ ಸ್ಪಿಂಡಲ್ ಸುಟ್ಟುಹೋಗುತ್ತದೆ. ಸ್ಪಿಂಡಲಿನ ಮೇಲೆ ಬರೆದ ಅಂಕೆಗಳನ್ನು ಮೊದಲು ಅದಕ್ಕೆ ತುಂಬಿ. ಸ್ವಿಚ್ ಆರಿಸಿದ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಉಳಿದಿರುತ್ತದೆ. ಹತ್ತು ನಿಮಿಷವಾದರೂ ಬಿಟ್ಟು, ಮೀಟರ್ ಹಿಡಿದು ನೋಡಿಯೇ ಕೈ ಹಾಕಿ.

ಚೌಕಟ್ಟು, ಸ್ಪಿಂಡಲ್, ವಿಎಫ್‌ಡಿ ಮೂರಕ್ಕೂ ಅರ್ಥಿಂಗ್ ಕಡ್ಡಾಯ. ಮನೆಯ ಅರ್ಥಿಂಗ್ ನಿಜಕ್ಕೂ ನೆಲಕ್ಕೆ ಹೋಗಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ. ಸ್ಪಿಂಡಲಿನ ಕೇಬಲ್ ಶೀಲ್ಡ್ ಇರುವುದಾಗಿರಲಿ, ಸಿಗ್ನಲ್ ವೈರುಗಳಿಂದ ದೂರ ಓಡಲಿ. ಲಿಮಿಟ್ ಸ್ವಿಚ್ಚುಗಳನ್ನು ‘ಸದಾ ಮುಚ್ಚಿದ’ ಬಗೆಯಲ್ಲಿ ಜೋಡಿಸಿದರೆ ವೈರ್ ತುಂಡಾದಾಗ ಯಂತ್ರ ತಾನೇ ನಿಲ್ಲುತ್ತದೆ. ತುರ್ತು ನಿಲುಗಡೆಯ ಕೆಂಪು ಗುಂಡಿ ಬೋರ್ಡಿಗೆ ಸಂದೇಶ ಕಳಿಸಿದರಷ್ಟೇ ಸಾಲದು. ಕಾಂಟ್ಯಾಕ್ಟರ್ ಮೂಲಕ ಪವರನ್ನೇ ಕಡಿಯಬೇಕು.

ನಮ್ಮಲ್ಲಿ ಮರೆಯಲೇಬಾರದ ಮಾತು ಕರೆಂಟು ಹೋಗುವುದು. ಬಾಲ್ ಸ್ಕ್ರೂ ಎಷ್ಟು ನುಣುಪೆಂದರೆ, ಮೋಟಾರಿನ ಹಿಡಿತ ತಪ್ಪಿದ ಕ್ಷಣ ಭಾರದ ಸ್ಪಿಂಡಲ್ ತಾನೇ ಕೆಳಗಿಳಿದು ಜಾಬಿನ, ಅಂದರೆ ಕಡಿಯುತ್ತಿರುವ ತುಂಡಿನ, ಮೇಲೆ ಕೂರಬಹುದು. ಜೆಡ್ ಅಕ್ಷಕ್ಕೆ ಬ್ರೇಕ್ ಇರುವ ಮೋಟಾರು ಹಾಕಿ, ಇಲ್ಲವೇ ಭಾರ ಸರಿದೂಗಿಸುವ ಸ್ಪ್ರಿಂಗ್ ಕೊಡಿ. ಹೋಮಿಂಗ್ ಸ್ವಿಚ್ ಇದ್ದರೆ ಕರೆಂಟು ಬಂದ ಮೇಲೆ ಸೊನ್ನೆಯ ಬಿಂದುವನ್ನು ಮತ್ತೆ ಹುಡುಕಿಕೊಳ್ಳಬಹುದು, ಇಲ್ಲದಿದ್ದರೆ ಅರ್ಧ ಆದ ಜಾಬ್ ಗುಜರಿಗೆ.

ಮೊದಲ ಕಟ್

ಮೊದಲು ಗಾಳಿಯಲ್ಲಿ ಓಡಿಸಿ: ಟೂಲ್ ಜಾಬಿಗಿಂತ ಮೇಲಿರಲಿ, ಕೈ ಕೆಂಪು ಗುಂಡಿಯ ಹತ್ತಿರವಿರಲಿ. ನಂತರ 6082 ಅಥವಾ 6061 ದರ್ಜೆಯ ತುಂಡು ತನ್ನಿ. ಅಂಗಡಿಯಲ್ಲಿ 6082 ಸಿಗುವುದು ಎಚ್‌ಇ-30 ಎಂಬ ಹಳೆಯ ಹೆಸರಿನಲ್ಲಿ. ದರ್ಜೆ ಗೊತ್ತಿಲ್ಲದ ಮೆತ್ತನೆಯ ಅಲ್ಯುಮಿನಿಯಂ ಟೂಲಿಗೆ ಅಂಟಿಕೊಂಡು ಹೊಸಬರನ್ನು ಗೋಳಾಡಿಸುತ್ತದೆ.

ಫೀಡ್, ಅಂದರೆ ಟೂಲ್ ಮುಂದೆ ಸಾಗುವ ವೇಗದ ಲೆಕ್ಕ ಸರಳ: ಸುತ್ತು × ಹಲ್ಲು × ಒಂದು ಹಲ್ಲು ಕಚ್ಚುವ ದಪ್ಪ. 6 ಮಿ.ಮೀ. ಒಂದು ಹಲ್ಲಿನ ಕಾರ್ಬೈಡ್ ಟೂಲ್, 10,000 ಸುತ್ತು, 0.04 ಮಿ.ಮೀ. ಕಡಿತ: ನಿಮಿಷಕ್ಕೆ 400 ಮಿ.ಮೀ. ಆಳ ಅರ್ಧ ಮಿ.ಮೀ.ಯಿಂದ ಶುರುಮಾಡಿ, ಸದ್ದು ಕೇಳುತ್ತ ಏರಿಸಿ. ಹೆದರಿ ಫೀಡ್ ಇಳಿಸುವುದು ಎಲ್ಲರೂ ಮಾಡುವ ಕೆಲಸ, ಅಲ್ಲೇ ಎಡವಟ್ಟು. ಫೀಡ್ ತೀರಾ ಇಳಿದರೆ ಹಲ್ಲು ಕಡಿಯದೆ ಉಜ್ಜುತ್ತದೆ, ಬಿಸಿಯೇರಿ ಅಲ್ಯುಮಿನಿಯಂ ಟೂಲಿಗೆ ಬೆಸೆದುಕೊಳ್ಳುತ್ತದೆ. ಚಾಟರ್ ಬಂದರೆ ಫೀಡ್ ಬಿಟ್ಟು ಆಳ ಅಥವಾ ಸುತ್ತು ಇಳಿಸಿ ನೋಡಿ.

ಕಡಿದ ಚೂರುಗಳನ್ನು ಆಗಾಗ ತೆಗೆಯುತ್ತಿರಬೇಕು. ಚೂರನ್ನೇ ಮತ್ತೆ ಕಡಿಯುವುದು ಟೂಲ್ ಮುರಿಯುವ ಇನ್ನೊಂದು ಕಾರಣ. ಅಲ್ಯುಮಿನಿಯಂಗೆ ಸೀಮೆಎಣ್ಣೆ ಹಚ್ಚುವುದು ಹಳೆಯ ವರ್ಕ್‌ಶಾಪ್ ಪದ್ಧತಿ, ಕೆಲಸವೂ ಚೆನ್ನಾಗಿ ಆಗುತ್ತದೆ. ಆದರೆ ಮುಚ್ಚಿದ ಕೋಣೆಯಲ್ಲಿ, ಬೆಂಕಿಯ ಹತ್ತಿರ ಬೇಡವೇ ಬೇಡ.

ಪದೇ ಪದೇ ಕಾಣುವ ತಪ್ಪುಗಳು

• ಪಾಲಿಶ್ ಮಾಡಿದ ಅಡುಗೆಕಟ್ಟೆಯ ಗ್ರಾನೈಟನ್ನು ‘ಸಮತಟ್ಟು’ ಎಂದು ನಂಬುವುದು. ಹೊಳಪು ಬೇರೆ, ಮಟ್ಟ ಬೇರೆ. ಅಳತೆಯ ಸರ್ಫೇಸ್ ಪ್ಲೇಟ್ ಆಗಬೇಕಾದರೆ ಅದನ್ನು ಪ್ರತ್ಯೇಕವಾಗಿ ಲ್ಯಾಪ್ ಮಾಡಿರಬೇಕು.

• ಕಾಲೆಟನ್ನು ನೇರ ಸ್ಪಿಂಡಲಿಗೆ ಹಾಕಿ ಮೇಲಿಂದ ನಟ್ ತಿರುಗಿಸುವುದು. ಇಆರ್ ಕಾಲೆಟನ್ನು ಮೊದಲು ನಟ್ಟಿನೊಳಗೆ ‘ಟಕ್’ ಎನ್ನುವಂತೆ ಕೂರಿಸಿ, ಆಮೇಲೆ ಸ್ಪಿಂಡಲಿಗೆ. ಇಲ್ಲವಾದರೆ ಟೂಲ್ ಓಲಾಡುತ್ತದೆ.

• ಸ್ಕ್ರೂವಿನ ಸಡಿಲವನ್ನು, ಅಂದರೆ ಪ್ಲೇಯನ್ನು, ಹೆಜ್ಜೆಯ ಅಂಕೆ ಬದಲಿಸಿ ಮುಚ್ಚಿಡುವುದು. ಪ್ಲೇ ಕಾಣುವುದು ದಿಕ್ಕು ಬದಲಾದಾಗ ಮಾತ್ರ. ಬೇರಿಂಗ್ ನಟ್, ಕಪ್ಲಿಂಗ್ ಸ್ಕ್ರೂ ಸಡಿಲವಿದೆಯೇ ನೋಡಿ. ಪ್ಲೇ ಇರುವ ಯಂತ್ರದಲ್ಲಿ ಕ್ಲೈಂಬ್ ಮಿಲ್ಲಿಂಗ್ (ಹಲ್ಲು ಕಡಿಯುವ ದಿಕ್ಕಿಗೇ ಜಾಬ್ ಸರಿಸುವುದು) ಮಾಡಿದರೆ ಟೂಲ್ ಜಾಬನ್ನು ತನ್ನತ್ತ ಎಳೆದುಕೊಳ್ಳುತ್ತದೆ.

• ಜಾಬನ್ನು ಅರೆಬರೆ ಬಿಗಿಯುವುದು. ಚೌಕಟ್ಟಿಗೆ ಸುರಿದ ಕಬ್ಬಿಣವೆಲ್ಲ ಒಂದು ಸಡಿಲ ಕ್ಲಾಂಪಿನಿಂದ ವ್ಯರ್ಥ.

• ಕೈಗವಸು ಹಾಕಿಕೊಂಡು ತಿರುಗುವ ಸ್ಪಿಂಡಲ್ ಹತ್ತಿರ ಹೋಗುವುದು. ಬಟ್ಟೆ ಸಿಕ್ಕಿದರೆ ಬೆರಳೂ ಹೋಗುತ್ತದೆ. ಇಳಿಬಿಟ್ಟ ಜಡೆ, ಶಲ್ಯ, ಉದ್ದ ತೋಳಿನ ಅಂಗಿ ಯಾವುದೂ ಬೇಡ. ಸುರಕ್ಷತಾ ಕನ್ನಡಕ ಮಾತ್ರ ಬೇಕೇ ಬೇಕು, ನೋಡಲು ಬಂದ ನೆರೆಮನೆಯ ಹುಡುಗನಿಗೂ.

ಇಟ್ಟುಕೊಳ್ಳುವ ಬಗೆ

ರೈಲು, ಸ್ಕ್ರೂಗಳ ಮೇಲೆ ಕಂಪ್ರೆಸರ್ ಗಾಳಿ ಹೊಡೆದು ಚೂರು ಹಾರಿಸಬೇಡಿ. ಅವು ಬ್ಲಾಕಿನ ಸೀಲ್ ದಾಟಿ ಒಳಗೆ ಹೊಗುತ್ತವೆ. ಬ್ರಷ್, ವ್ಯಾಕ್ಯೂಮ್ ಸಾಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ, ಮಲೆನಾಡಿನಲ್ಲಿ, ಒಂದು ವಾರ ಮುಟ್ಟದೆ ಬಿಟ್ಟರೂ ರೈಲಿನ ಮೇಲೆ ಕಂದು ಚುಕ್ಕೆ ಕಾಣಿಸಿಕೊಳ್ಳಬಹುದು. ಪ್ರತಿ ಸಲ ಕೆಲಸ ಮುಗಿದ ಮೇಲೆ ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ, ಅಕ್ಷಗಳನ್ನು ಒಂದೆರಡು ಸಲ ಆ ತುದಿಯಿಂದ ಈ ತುದಿಗೆ ಓಡಿಸಿ ಮುಚ್ಚಿಡಿ. ವಾಟರ್-ಕೂಲ್ ಸ್ಪಿಂಡಲ್ ಆದರೆ ಬಕೆಟ್ಟಿನ ನೀರು ಪಾಚಿಗಟ್ಟುವ ಮೊದಲೇ ಬದಲಿಸಿ. ಪಂಪ್ ನಿಂತದ್ದು ಗೊತ್ತಾಗದೆ ಸ್ಪಿಂಡಲ್ ಬಿಸಿಯೇರಿ ಕೆಡುವುದುಂಟು, ಹಾಗಾಗಿ ನೀರು ವಾಪಸ್ ಬೀಳುವ ಕೊಳವೆಯ ತುದಿ ಕಣ್ಣಿಗೆ ಕಾಣುವಂತಿರಲಿ.